ತೊಡೆಯಿಂದ ಫ್ಲಾಪ್ ತೆಗೆದ ಮೇಲೆ ಆ ಜಾಗವನ್ನು ಹೇಗೆ ಮುಚ್ಚುತ್ತಾರೆ?

ಅಣ್ಣನ ಕಾಲಿನ ಗಾಯಕ್ಕೆ ತೊಡೆಯ ಫ್ಲಾಪ್, ಅಂದರೆ ರಕ್ತನಾಳದ ಸಮೇತ ತೆಗೆದ ದಪ್ಪ ಚರ್ಮದ ತುಂಡು, ಹಾಕುತ್ತಾರಂತೆ, ತೊಡೆಗೆ ಹೊಲಿಗೆ ಸಾಲದಿದ್ದರೆ ಬೇರೆ ಕಡೆಯ ಚರ್ಮ ತೆಗೆದು ಹಚ್ಚುತ್ತಾರಂತೆ, ಇದಕ್ಕೆ ಒಪ್ಪಬೇಕಾ ಎಂದು ಕೇಳಿದ್ದೀರಿ. ಒಪ್ಪಿಕೊಳ್ಳಿ. ಇದೇ ಆಪರೇಷನ್ ನನಗೂ ಆಗಿದೆ.

ನಾನು ವಿರಾಜಪೇಟೆ ಕಡೆಯವನು. ಮೆಣಸು ಕೊಯ್ಯುವಾಗ ಏಣಿ ಜಾರಿ ಸಿಲ್ವರ್ ಮರದಿಂದ ಬಿದ್ದೆ. ಮೊಣಕಾಲ ಕೆಳಗೆ ಮೂಳೆ ಹೊರಗೆ ಕಾಣುತ್ತಿತ್ತು. ಮೈಸೂರಿಗೆ ಕರೆದುಕೊಂಡು ಹೋದರು. ತೊಡೆಗೆ ಹೊಲಿಗೆಯನ್ನೇ ಹಾಕಿ, ಇನ್ನೊಂದು ಗಾಯ ಬೇಡ ಎಂದು ನಾನೂ ಹಠ ಹಿಡಿದಿದ್ದೆ.

ಆಗ ಸರ್ಜನ್ ನನ್ನ ತೊಡೆಯ ಚರ್ಮವನ್ನು ಬೆರಳುಗಳ ನಡುವೆ ಹಿಡಿದು ತೋರಿಸಿದರು. ಎಷ್ಟು ಚರ್ಮ ಸಡಿಲವಾಗಿ ಕೈಗೆ ಬರುತ್ತದೋ ಅಷ್ಟು ಅಗಲ ತೆಗೆದರೆ ಮಾತ್ರ ಅಂಚುಗಳು ಸಲೀಸಾಗಿ ಕೂಡುತ್ತವೆ. ತೊಡೆಯಲ್ಲಿ ಸುಮಾರು 8 ಸೆಂಟಿಮೀಟರ್ ಅಗಲದವರೆಗೆ ಸಾಮಾನ್ಯವಾಗಿ ಹೊಲಿಗೆಯಲ್ಲೇ ಮುಗಿಯುತ್ತದೆ. ಆಳದ ಪದರಕ್ಕೆ ಹಾಕುವ ಕರಗುವ ಹೊಲಿಗೆಯೇ ಎಳೆತವನ್ನೆಲ್ಲ ಹೊರುತ್ತದೆ, ಮೇಲಿನದು ಅಂಚು ಕೂಡಿಸುವುದಕ್ಕೆ ಅಷ್ಟೇ. ಒಳಗೆ ರಕ್ತ, ನೀರು ನಿಲ್ಲದ ಹಾಗೆ ಒಂದು ಡ್ರೈನ್ ಪೈಪ್ ಇಡುತ್ತಾರೆ.

ನನಗೆ ಅದಕ್ಕಿಂತ ಅಗಲವಾದ ಫ್ಲಾಪ್ ಬೇಕಿತ್ತು. ಬಲವಂತವಾಗಿ ಎಳೆದು ಹೊಲಿದರೆ ಅಂಚಿಗೆ ರಕ್ತ ಹರಿಯುವುದಿಲ್ಲ. ಚರ್ಮ ಕಪ್ಪಾಗಿ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಒತ್ತಡ ಏರಿ ಮಾಂಸಖಂಡವೇ ಸಾಯಬಹುದು. ಇದನ್ನು ಕೇಳಿದ ಮೇಲೆ ನಾನು ಹಠ ಬಿಟ್ಟೆ.

ಗಾಯದ ಎರಡು ತುದಿಗಳನ್ನು ಹೊಲಿದು ಕಿರಿದು ಮಾಡಿದರು. ನಡುವೆ ಉಳಿದ ಜಾಗಕ್ಕೆ ಇನ್ನೊಂದು ತೊಡೆಯಿಂದ ತೆಳುವಾಗಿ ಹೆರೆದ ಚರ್ಮ, ಅಂದರೆ ಗ್ರಾಫ್ಟ್ ಹಚ್ಚಿದರು. ಫ್ಲಾಪ್ ತನ್ನ ರಕ್ತನಾಳದ ಜೊತೆಗೇ ಬರುತ್ತದೆ. ಗ್ರಾಫ್ಟ್‌ಗೆ ಅದಿಲ್ಲ. ಮೊದಲ ಒಂದೆರಡು ದಿನ ಕೆಳಗಿನ ಪಸೆಯನ್ನು ಹೀರಿಕೊಂಡೇ ಬದುಕುತ್ತದೆ, ಆಮೇಲೆ ಹೊಸ ನಾಳಗಳು ಕೂಡಿಕೊಳ್ಳುತ್ತವೆ. ಅಷ್ಟರಲ್ಲಿ ಅದು ಸರಿದರೆ, ಕೆಳಗೆ ರಕ್ತ ನಿಂತರೆ, ಹಿಡಿಯುವುದಿಲ್ಲ. ಅದಕ್ಕೇ ಬಲೆಯ ಹಾಗೆ ಸಣ್ಣ ತೂತು ಮಾಡಿ, ಮೇಲೆ ಪ್ಯಾಡ್ ಇಟ್ಟು ಬಿಗಿಯಾಗಿ ಕಟ್ಟುತ್ತಾರೆ. ನನಗೆ ಐದನೇ ದಿನ ಬಿಚ್ಚಿದರು. ಅಣ್ಣ ಸುಮ್ನೆ ಬಿಚ್ಚಿ ನೋಡದ ಹಾಗೆ ನೋಡಿಕೊಳ್ಳಿ. ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಿಸಿ, ರಕ್ತನಾಳ ಕುಗ್ಗಿಸುವುದೇ ಅದು.

ಚರ್ಮ ಹೆರೆದ ಜಾಗಕ್ಕೆ ಹೊಲಿಗೆ ಬೇಡ. ಕೂದಲಿನ ಬುಡ ಉಳಿದಿರುತ್ತದಲ್ವಾ, ಅಲ್ಲಿಂದಲೇ ಎರಡು ವಾರದಲ್ಲಿ ಹೊಸ ಚರ್ಮ ಬರುತ್ತದೆ. ಆದರೆ ಎಲ್ಲಕ್ಕಿಂತ ಜಾಸ್ತಿ ಉರಿ ಅಲ್ಲೇ. ನೋವಿನ ಮಾತ್ರೆ ಕೇಳಲು ಸಂಕೋಚ ಬೇಡ.

ಗ್ರಾಫ್ಟ್ ಹಾಕಿದ ಜಾಗ ಸ್ವಲ್ಪ ಗುಳಿಬಿದ್ದು ಬಣ್ಣ ಬೇರೆಯಾಗಿ ಕಾಣುತ್ತದೆ, ಅದನ್ನು ಅಣ್ಣನಿಗೆ ಮೊದಲೇ ಹೇಳಿಡಿ. ನನ್ನ ತೊಡೆಯ ಹೊರಬದಿ ಇವತ್ತಿಗೂ ಜೋಮು. ಒಮ್ಮೆ ಚಳಿಗೆ ಬಿಸಿನೀರಿನ ಚೀಲ ಇಟ್ಟುಕೊಂಡೆ, ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗಿದ್ದು. ಈಗ ಮಳೆಗಾಲದಲ್ಲಿ ತೋಟದಿಂದ ಬಂದ ಕೂಡಲೇ ಇಂಬಳ ಹತ್ತಿದೆಯಾ ಎಂದು ಆ ಜಾಗವನ್ನು ಕಣ್ಣಿಟ್ಟು ನೋಡುತ್ತೇನೆ.