ಹಳೇ ಕ್ಯಾರವಾನ್‌ಗೆ ಸ್ಪ್ಲಿಟ್ ಏಸಿ ಕೂರಿಸಬಹುದಾ?

ಪ್ರಶ್ನೆ: ನಮ್ಮ ಮಾವನವರು ಬಹಳ ವರ್ಷಗಳ ಹಿಂದೆ ಕೊಂಡು ತಂದ ಹಳೇ ಕ್ಯಾರವಾನ್ ಒಂದು ತೋಟದ ಮನೆ ಹತ್ತಿರ ನಿಂತಿದೆ. ಜೀಪಿನ ಹಿಂದೆ ಕಟ್ಟಿ ಎಳೆಯುವಂಥದ್ದು. 14 ಅಡಿ ಉದ್ದ, ಆರೂವರೆ ಅಡಿ ಅಗಲ. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಮರದ ಚೌಕಟ್ಟು, ಪ್ಲೈವುಡ್. ಬಂದ ನೆಂಟರು ಮಲಗಲಿ, ವರ್ಷಕ್ಕೆ ಎರಡು ಸಲ ನಾವೂ ತಿರುಗಾಡಿ ಬರೋಣ ಅಂತ ಆಸೆ. ಆದರೆ ಏಪ್ರಿಲ್ ಸೆಕೆಗೆ ಒಳಗೆ ಕೂರುವುದಕ್ಕೇ ಆಗುವುದಿಲ್ಲ. ಪೇಟೆಯ ಮೆಕ್ಯಾನಿಕ್ ಒಂದೂವರೆ ಟನ್ ಸ್ಪ್ಲಿಟ್ ಹಾಕಿ, ಔಟ್‌ಡೋರ್ ಯೂನಿಟ್ಟನ್ನು ಹಿಂದಿನ ಗೋಡೆಗೆ ನೇತುಹಾಕೋಣ ಅಂತಾರೆ. ನಮ್ಮ ಯಜಮಾನರು, ಚಾವಣಿ ಮೇಲೆ ಕೂರಿಸುವ ಏಸಿನೇ ಸರಿ ಅಂತಾರೆ. ಏನು ಮಾಡೋದು ಸರ್?
— ಓದುಗರು, ಸಾಗರ ತಾಲ್ಲೂಕು

ಉತ್ತರ: ಸ್ಪ್ಲಿಟ್ಟೇ ಹಾಕಿಸಿ. ಆದರೆ ಒಂದೂವರೆ ಟನ್ ಬೇಡ, ಹಿಂದಿನ ಗೋಡೆಯಂತೂ ಬೇಡವೇ ಬೇಡ.

ಚಾವಣಿ ಏಸಿ ಯಾಕೆ ಬೇಡ ಅಂದರೆ, ಅದಕ್ಕೆ ತಗಡಿನಲ್ಲಿ ದೊಡ್ಡ ಕಂಡಿ ಕೊರೆಯಬೇಕು. 30–40 ಕೆಜಿ ಭಾರ ಹಳೇ ಚಾವಣಿಯ ಮೇಲೆ ಕೂರುತ್ತದೆ. ಭಾರಕ್ಕೆ ಚಾವಣಿ ಸ್ವಲ್ಪ ತಗ್ಗಿದರೆ ಅಲ್ಲೇ ನೀರು ನಿಲ್ಲುತ್ತದೆ. ನಮ್ಮ ಕಡೆ ಮಳೆಗೆ ಅಷ್ಟು ಸಾಕಲ್ವಾ?

ಈಗ ಟನ್ ವಿಷಯ. ನಿಮ್ಮದು ಸುಮಾರು 90 ಚದರ ಅಡಿ ಜಾಗ. 0.8 ಟನ್ ಇನ್ವರ್ಟರ್ ಏಸಿ (ಕಂಪ್ರೆಸರ್ ವೇಗವನ್ನು ಬೇಕಾದಷ್ಟಕ್ಕೆ ಇಳಿಸಿಕೊಳ್ಳುವಂಥದ್ದು) ಸಾಕು, ಹೆಚ್ಚೆಂದರೆ ಒಂದು ಟನ್. ದೊಡ್ಡದಿದ್ದರೆ ಬೇಗ ತಂಪಾಗುತ್ತದೆ ಅನ್ನುವುದು ನಿಜ, ತೊಂದರೆ ಇರುವುದೂ ಅದರಲ್ಲೇ. ಬೇಗ ತಂಪಾದರೆ ಕಂಪ್ರೆಸರ್ ಬೇಗ ನಿಲ್ಲುತ್ತದೆ, ಗಾಳಿಯಲ್ಲಿನ ನೀರಿನ ಪಸೆ ಹೋಗುವುದೇ ಇಲ್ಲ. ಶಿವಮೊಗ್ಗ ಪೇಟೆಯಲ್ಲಿ ಬಿಸಿಲಿನ ಧಗೆ ಜಾಸ್ತಿ, ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಜನ ಬೇಯುವುದು ಸೆಕೆಗೆ. ಸಣ್ಣ ಏಸಿ ನಿಧಾನಕ್ಕೆ, ಬಿಡದೆ ಓಡಬೇಕು. ಆಗಲೇ ಹಾಸಿಗೆ ಒಣಗಿರುತ್ತದೆ, ಪ್ಲೈವುಡ್ಡಿಗೆ ಬೂಸ್ಟು ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಡ್ರೈ ಮೋಡ್‌ನಲ್ಲಿ ದಿನಕ್ಕೆ ಒಂದು ಗಂಟೆ ಓಡಿಸಿದರೂ ಒಳಗಿನ ಆ ಹಳಸಲು ವಾಸನೆ ಕಡಿಮೆಯಾಗುತ್ತದೆ.

ಏಸಿ ತರುವ ಮೊದಲು ಒಂದು ಕೆಲಸ ಮಾಡಿ. ಒಂದು ಸ್ಕ್ರೂಡ್ರೈವರ್ ಹಿಡಿದು ಕಿಟಕಿ ಕೆಳಗಿನ ಮರ, ನಾಲ್ಕು ಮೂಲೆ, ಬಾಗಿಲ ಬುಡ ಎಲ್ಲಾ ಕಡೆ ಚುಚ್ಚಿ ನೋಡಿ. ತುದಿ ಸುಮ್ನೆ ಒಳಗೆ ಇಳಿದರೆ ಮರ ಲಡ್ಡಾಗಿದೆ ಅಂತಲೇ ಅರ್ಥ. ಅಂಥ ಮರಕ್ಕೆ ಇಂಡೋರ್ ಯೂನಿಟ್ಟಿನ 8–10 ಕೆಜಿ ನೇತುಹಾಕಿದರೆ ಮೊದಲ ಹಳ್ಳಕ್ಕೇ ಕಿತ್ತು ಬರುತ್ತದೆ. ಮರ ಬದಲಾಯಿಸಿ. ತಗಡು ಬಿಚ್ಚಿದಾಗಲೇ ಮಧ್ಯದ ಸಂದಿಗೆ ಒಂದು ಇಂಚಿನ ಎಕ್ಸ್‌ಪಿಎಸ್ ಬೋರ್ಡ್ (ಬಿಸಿ ತಡೆಯುವ ಗಟ್ಟಿ ಫೋಮ್ ಹಲಗೆ) ತುಂಬಿಸಿ. ಗ್ಲಾಸ್‌ವೂಲ್ ಬೇಡ, ಒಮ್ಮೆ ನೆನೆದರೆ ಒಣಗುವುದಿಲ್ಲ. ಚಾವಣಿಗೆ ಬಿಳಿ ಬಣ್ಣ ಬಳಿಸಿ. ಇಷ್ಟು ಮಾಡದೆ ಎಷ್ಟು ಟನ್ ಹಾಕಿದರೂ ಬಿಸಿ ತಗಡನ್ನು ತಂಪು ಮಾಡುವುದರಲ್ಲೇ ಕರೆಂಟು ಹೋಗುತ್ತದೆ.

ಔಟ್‌ಡೋರ್ ಯೂನಿಟ್ ಮುಂದೆ ಇರಲಿ. ಜೀಪಿಗೆ ಕೊಂಡಿ ಹಾಕುವ ಕಡೆ ತ್ರಿಕೋನದ ಕಬ್ಬಿಣದ ಫ್ರೇಮ್ ಇದೆಯಲ್ಲ, ಅದರ ಮೇಲೆ ಆಂಗಲ್ ಸ್ಟ್ಯಾಂಡ್ ವೆಲ್ಡ್ ಮಾಡಿಸಿ, ರಬ್ಬರ್ ಬುಷ್ ಕೊಟ್ಟು ಕೂರಿಸಿ. ಟ್ರೇಲರ್‌ನ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಕೊಂಡಿಯ ಮೇಲೆ ಬೀಳಬೇಕು. 900 ಕೆಜಿ ಗಾಡಿಗೆ ಅದು 90ರಿಂದ 135 ಕೆಜಿ. ಹಿಂದೆ 25 ಕೆಜಿ ನೇತುಹಾಕಿದರೆ ಮುಂದಿನ ಭಾರ ಕಡಿಮೆಯಾಗಿ, ಸ್ಪೀಡಿನಲ್ಲಿ ಟ್ರೇಲರ್ ಅತ್ತಿತ್ತ ತೊನೆಯಲು ಶುರುವಾಗುತ್ತದೆ. ಘಾಟಿ ಇಳಿಯುವಾಗ ಇದು ಪ್ರಾಣಕ್ಕೇ ಅಪಾಯ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮುಂದೆ ಗ್ಯಾಸ್ ಸಿಲಿಂಡರ್ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೆಲಸ ಮುಗಿದ ಮೇಲೆ ಕೊಂಡಿಯ ತೂಕ ಒಮ್ಮೆ ತಕ್ಕಡಿಯಲ್ಲಿ ನೋಡಿಸಿ. ಆರ್‌ಸಿ ಇರುವ ಗಾಡಿಯಾದರೆ ಈ ಬದಲಾವಣೆಗೆ ಆರ್‌ಟಿಒ ಒಪ್ಪಿಗೆಯನ್ನೂ ಮೊದಲೇ ಕೇಳಿಬಿಡಿ.

ಇನ್ನು ಪೈಪ್. ನನ್ನ ಹಳೇ ವ್ಯಾನಿಗೆ ಏಸಿ ಹಾಕಿಸಿದಾಗ ಮೆಕ್ಯಾನಿಕ್ ತಾಮ್ರದ ಪೈಪನ್ನು ಅಳತೆಗೆ ಕತ್ತರಿಸಿ, ಬಿಗಿಯಾಗಿ ನೇರ ಎಳೆದಿದ್ದರು. ನೋಡೋಕೆ ಚೆಂದವೇ ಇತ್ತು. ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಗ್ಯಾಸ್ ಪೂರ್ತಿ ಖಾಲಿ. ನೋಡಿದರೆ ಪೈಪನ್ನು ಯೂನಿಟ್ಟಿಗೆ ಬಿಗಿಯುವ ಫ್ಲೇರ್ ನಟ್ಟಿನ ಸುತ್ತ ಎಣ್ಣೆ ಜಿಡ್ಡು, ಅದಕ್ಕೆ ಧೂಳು ಅಂಟಿ ಕಪ್ಪು ಉಂಗುರದ ಹಾಗೆ ಆಗಿತ್ತು. ಒರೆಸಿದಾಗ ಕೂದಲೆಳೆಯಷ್ಟು ಸಣ್ಣ ಬಿರುಕು. ತಾಮ್ರ ಅಲುಗಾಡಿದಷ್ಟೂ ಗಡುಸಾಗುತ್ತದೆ, ಆಮೇಲೆ ಒಡೆಯುತ್ತದೆ. ಏಸಿ ಜೊತೆ ಸಾಮಾನ್ಯವಾಗಿ ಬರುವ 3 ಮೀಟರ್ ಪೈಪನ್ನು ಕತ್ತರಿಸಬೇಡಿ. ಉಳಿದದ್ದನ್ನು ಔಟ್‌ಡೋರ್ ಹಿಂದೆ ಸಿಂಬಿಯ ಹಾಗೆ ಅಡ್ಡಡ್ಡ ಒಂದು ಸುತ್ತು ಸುತ್ತಿಸಿ, ಅಲುಗಾಟವನ್ನೆಲ್ಲಾ ಆ ಸುತ್ತು ತಿನ್ನುತ್ತದೆ. ಅಗ್ಗ ಅಂತ ಅಲ್ಯೂಮಿನಿಯಂ ಪೈಪ್ ಹಾಕಿಸಬೇಡಿ. ಎರಡೂ ಪೈಪಿಗೆ ಬೇರೆ ಬೇರೆ ರಬ್ಬರ್ ಕವಚ ಇರಲಿ. ಇಲ್ಲದಿದ್ದರೆ ಗೋಡೆಯೊಳಗೆ ಪೈಪ್ ಬೆವರಿ, ಈಗ ಹಾಕಿದ ಹೊಸ ಮರವೂ ಕೊಳೆಯುತ್ತದೆ. ತೂತು ಹೊರಗಡೆಗೆ ಇಳಿಜಾರಾಗಿರಲಿ, ಸೀಲಂಟ್ ಹಾಕಿ ಮುಚ್ಚಿಸಿ. ಇರುವೆ, ಹಲ್ಲಿ ನುಗ್ಗಲು ಒಂದು ಸಂದಿ ಸಾಕು.

ಗ್ಯಾಸ್ ಬಿಡುವ ಮೊದಲು, ಪೈಪಿನೊಳಗಿನ ಗಾಳಿಯನ್ನು ಹೀರಿ ತೆಗೆಯುವ ವ್ಯಾಕ್ಯೂಮ್ ಪಂಪ್ ಹಾಕಲೇಬೇಕು ಅಂತ ನಿಂತು ಹೇಳಿ. ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರದೂಡುವ ಅಭ್ಯಾಸ ಕೆಲವರಿಗಿದೆ. ಈಗಿನ ಏಸಿಗಳಲ್ಲಿ ಹೆಚ್ಚಾಗಿ ಇರುವುದು ಆರ್-32, ಅದು ಬೆಂಕಿ ಹಿಡಿಯುವ ಗುಣ ಇರುವ ಗ್ಯಾಸ್.

ಅರ್ತಿಂಗ್ ಮರೆಯಬೇಡಿ. ಗಾಡಿಯ ಮೈಯೆಲ್ಲಾ ಲೋಹ. ಒಳಗೆ ಒಂದು ವೈರ್ ತಾಗಿದರೂ ಮಳೆಯಲ್ಲಿ ಬರಿಗಾಲಲ್ಲಿ ಬಂದು ಬಾಗಿಲು ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಮನೆಯಿಂದ ನೂರಡಿ ದೂರ ಇದ್ದರೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸಿ.

ಇನ್ನೊಂದು ಮಾತು. ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಿರುಗಿಸುತ್ತದೆ. ನಾಲ್ಕು ಜನ ಮಲಗುವಾಗ ಒಂದು ಕಿಟಕಿ ಬೆರಳಷ್ಟಾದರೂ ತೆರೆದಿರಲಿ. ಎಲ್ಲಾ ಮುಚ್ಚಿಕೊಂಡು ಕಾಫಿಗೆ ಅಂತ ಸ್ಟವ್ ಹಚ್ಚಲೇಬೇಡಿ. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಆದರೆ ತೆಂಗು, ಹಲಸಿನ ಮರದ ಕೆಳಗಲ್ಲ.

ಪ್ರಶ್ನೆ: ನಮ್ಮ ಕ್ಯಾರವಾನಿನಲ್ಲಿ 150 ಎಎಚ್‌ನ ಒಂದು ಟ್ಯೂಬುಲರ್ ಬ್ಯಾಟರಿ ಇದೆ. ಅದರ ಮೇಲೆ ರಾತ್ರಿಯಿಡೀ ಏಸಿ ಓಡುತ್ತಾ?
— ಓದುಗರು, ತೀರ್ಥಹಳ್ಳಿ

ಉತ್ತರ: ಓಡುವುದಿಲ್ಲ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್), ಎರಡನ್ನೂ ಗುಣಿಸಿದರೆ 1,800 ವ್ಯಾಟ್-ಅವರ್. ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು, 900. ಸಣ್ಣ ಇನ್ವರ್ಟರ್ ಏಸಿ ಶುರುವಿನಲ್ಲಿ 800 ವ್ಯಾಟ್ ಹತ್ತಿರ ಎಳೆದು, ತಂಪಾದ ಮೇಲೆ 300–400ಕ್ಕೆ ಇಳಿಯುತ್ತದೆ. ಎರಡು ಗಂಟೆ ಬಂದರೆ ಹೆಚ್ಚು. ಎಂಟು ಗಂಟೆಗೆ 3 ಯೂನಿಟ್, ಅಂದರೆ 3,000 ವ್ಯಾಟ್-ಅವರ್ ಮೇಲೆಯೇ ಬೇಕು, ಅದಕ್ಕೆ 48 ವೋಲ್ಟ್ 100 ಎಎಚ್ ಲಿಥಿಯಂ ಬ್ಯಾಟರಿ ಸರಿಹೋಗುತ್ತದೆ, ಆದರೆ ಬೆಲೆ ಏಸಿಗಿಂತ ಜಾಸ್ತಿ. ನಿಮ್ಮೂರಿನಲ್ಲಿ ಏಪ್ರಿಲ್, ಮೇ ಬಿಟ್ಟರೆ ರಾತ್ರಿ ಫ್ಯಾನ್ ಸಾಕು. ಆ ಎರಡು ತಿಂಗಳು ಕರೆಂಟ್ ಸಿಗುವ ಕಡೆ ಗಾಡಿ ನಿಲ್ಲಿಸಿ.