ಅಕೇಶಿಯಾ ಕಡಿಸಿದ ಮೇಲೆ ಏನು ನೆಡಬೇಕು?

ಶಿರಸಿ ಹತ್ತಿರ ಮಾಲ್ಕಿ ಬೇಣ (ಸ್ವಂತದ ಹುಲ್ಲುಗಾವಲು ಜಾಗ) ಇದೆ, ಅಕೇಶಿಯಾ ಕಡಿಸುತ್ತಿದ್ದೀರಿ, ಮುಂದೆ ಅದನ್ನೇ ನೆಡೋದಾ ಸಾಗುವಾನಿ ಹಾಕೋದಾ ಅಂತ ಕೇಳಿದ್ದೀರಿ. ಎರಡೂ ಬೇಡ. ನೆಡೋದೇ ಬೇಡ ಅನ್ನುತ್ತೇನೆ ನಾನು.

ನಮ್ಮ ಬೇಣದಲ್ಲಿ ಕಡಿತ ಮುಗಿದ ಮೇಲೆ ಜಾಗ ಚೊಕ್ಕ ಆಗಲಿ ಅಂತ ಜೆಸಿಬಿ ಕರೆಸಿದೆ. ಅಪ್ಪ ಬೇಡ ಅಂದರು, ಕೇಳಲಿಲ್ಲ. ಅಕೇಶಿಯಾ ಅಡಿಯಲ್ಲಿ ಮೊಣಕಾಲೆತ್ತರದ ಮತ್ತಿ, ಹೊನ್ನೆ, ನೇರಲೆ ಗಿಡಗಳಿದ್ದವು. ನನ್ನ ಕಣ್ಣಿಗೆ ಅವೆಲ್ಲ ಕಳೆ. ಇಂಥ ಗಿಡ ಮೇಲೆ ಸಣ್ಣದಾಗಿ ಕಂಡರೂ ವರ್ಷಗಟ್ಟಲೆ ಬೇರು ಇಳಿಸಿಕೊಂಡು ಬೆಳಕಿಗೆ ಕಾದಿರುತ್ತದೆ. ಲಾರಿ ಹತ್ತಿ ಮುರಿದರೂ ಮತ್ತೆ ಚಿಗುರುತ್ತದೆ. ಬೇರು ಸಮೇತ ಕಿತ್ತರೆ ಮಾತ್ರ ಮುಗಿಯಿತು. ನಾನು ದುಡ್ಡು ಕೊಟ್ಟು ಕೀಳಿಸಿದೆ.

ಸಾಲದ್ದಕ್ಕೆ ಟೊಂಗೆ, ದರಕು (ಉದುರಿದ ಒಣ ಎಲೆ) ಎಲ್ಲ ರಾಶಿ ಹಾಕಿ ಬೆಂಕಿ ಕೊಟ್ಟೆ. ಅಕೇಶಿಯಾ ಬೀಜದ ಸಿಪ್ಪೆ ಗಟ್ಟಿ. ನರ್ಸರಿಯಲ್ಲಿ ಬಿತ್ತುವ ಮುಂಚೆ ಅದಕ್ಕೆ ಕುದಿಯುವ ನೀರು ಹೊಯ್ಯುತ್ತಾರೆ. ಆ ಕೆಲಸವನ್ನು ನನ್ನ ಬೆಂಕಿ ಪುಕ್ಕಟೆ ಮಾಡಿಕೊಟ್ಟಿತು. ಮಳೆ ಬಿದ್ದದ್ದೇ ತಡ, ಸುಟ್ಟ ರಾಶಿಯ ಅಂಚಿಗೆಲ್ಲ ಅಕೇಶಿಯಾ ಸಸಿ ಕೊತ್ತಂಬರಿ ಮಡಿಯ ಹಾಗೆ ಎದ್ದವು. ಆಷಾಢದ ಹೊತ್ತಿಗೆ ಮೇಲಿನ ಕಪ್ಪು ಮಣ್ಣು ಕೆಳಗಿನ ತೋಟದ ಕಾಲುವೆ ಸೇರಿತ್ತು. ಈಗ ಹಾರೆ ಹಾಕಿದರೆ ಜಂಬಿಟ್ಟಿಗೆ ಕಲ್ಲಿಗೆ ತಾಗಿ ಠಣ್ ಅನ್ನುತ್ತದೆ.

ಅಕೇಶಿಯಾನ ಸುಮ್ನೆ ಬೈಯುವವರು ಜಾಸ್ತಿ. ಅದರ ಬೇರು ಮಣ್ಣಿಗೆ ಸಾರಜನಕ ಸೇರಿಸುತ್ತದೆ, ನಿಜ. ಎಲೆ ಮಾತ್ರ ಕೊಟ್ಟಿಗೆಗೆ ಹಾಸಿದರೂ ಬೇಗ ಕೊಳೆಯೋದಿಲ್ಲ. ಆದರೆ ಮಣ್ಣಿಗೆ ದೊಡ್ಡ ಪೆಟ್ಟು ಬೀಳುವುದು ಒಂದೇ ಸಲಕ್ಕೆ ಬೋಳಿಸಿ, ದರಕೂ ಬಿಡದೆ ಹೊತ್ತು, ಮತ್ತೆ ಒಂದೇ ಜಾತಿ ನೆಟ್ಟು, ಮತ್ತೆ ಬೋಳಿಸಿದಾಗ. ಸಾಗುವಾನಿ ಹಾಕಿದರೂ ಅದೇ ಕಥೆ. ಅದರ ಅಗಲ ಎಲೆಯಿಂದ ಬೀಳುವ ಹನಿಯೂ ದಪ್ಪ. ಕೆಳಗೆ ಪೊದೆ ಇಲ್ಲದಿದ್ದರೆ ಮಣ್ಣು ಎದ್ದು ಹೋಗುತ್ತದೆ. 1983ರಲ್ಲಿ ಸಾಲ್ಕಣಿಯಲ್ಲಿ ಕಾಡು ಉಳಿಸೋಕೆ ಮರ ಅಪ್ಪಿಕೊಂಡ ತಾಲೂಕಿನವರು ನಾವು, ಇನ್ನೂ ಸಾಗುವಾನಿ ಲೆಕ್ಕ ಹಾಕುತ್ತೇವಲ್ಲ!

ನಿಮ್ಮ ಬೇಣದ ಆಚೆ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಇದೆ ಅಂದಿದ್ದೀರಿ. ಹಾಗಾದರೆ ಬೀಜದ ಚಿಂತೆ ಇಲ್ಲ, ಹಕ್ಕಿ, ಗಾಳಿ ತಂದು ಹಾಕುತ್ತವೆ. ದನ ನುಗ್ಗದ ಹಾಗೆ ಬೇಲಿ ಹಾಕಿಸಿ. ಮಳೆಗಾಲದಲ್ಲಿ ಮಣ್ಣು ಮೆತ್ತಗಿರುವಾಗ ಅಕೇಶಿಯಾ ಸಸಿ ಮಾತ್ರ ಕೈಯಲ್ಲೇ ಕೀಳಿ. ಬುಡ ಕೀಳಬಾರದು, ಸಣ್ಣ ಟೊಂಗೆ ಅಲ್ಲೇ ಬಿಡಬೇಕು ಅಂತ ಮರ ಕಡಿಯುವ ಗುತ್ತಿಗೆದಾರನ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ರೇಟು ಸ್ವಲ್ಪ ಇಳಿಸಿದರೆ ಇಳಿಸಲಿ.