ಕೊಲೆ ಆರೋಪವಿದ್ದರೆ ಹುಡುಗನಿಗೆ ಜಾಮೀನು ಸಿಗುತ್ತದೆಯೇ?

ಪ್ರಶ್ನೆ: 17 ವರ್ಷದ ಹುಡುಗನ ಮೇಲೆ ಕೊಲೆ ಕೇಸ್ ಆಗಿದೆ. ಇಂಥ ದೊಡ್ಡ ಅಪರಾಧಕ್ಕೆ ಜಾಮೀನು ಸಿಗುವುದೇ ಇಲ್ಲ ಎನ್ನುತ್ತಾರೆ, ನಿಜವೇ?

ಉತ್ತರ: ನಿಜವಲ್ಲ. 2015ರ ಬಾಲನ್ಯಾಯ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ 18 ತುಂಬದವರಿಗೆ ಜಾಮೀನು ಕೊಡುವುದೇ ನಿಯಮ, ಆರೋಪ ಎಂಥದ್ದೇ ಇರಲಿ. ನಿರಾಕರಿಸಲು ಮೂರೇ ಕಾರಣ: ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುವ ಸಂಭವ, ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯ, ನ್ಯಾಯದ ಉದ್ದೇಶಕ್ಕೇ ಭಂಗ. ಕಾರಣವನ್ನು ಬಾಲನ್ಯಾಯ ಮಂಡಳಿ ಆದೇಶದಲ್ಲಿ ಬರೆಯಲೇಬೇಕು.

ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲೇ. 'ಹುಡುಗ ನಿರಪರಾಧಿ' ಎಂದು ಪುಟಗಟ್ಟಲೆ ಬರೆಯುತ್ತಾರೆ. ಬಿಡುಗಡೆಯಾದ ಮೇಲೆ ಎಲ್ಲಿರುತ್ತಾನೆ, ಯಾರು ನೋಡಿಕೊಳ್ಳುತ್ತಾರೆ ಎಂಬುದೇ ಇರುವುದಿಲ್ಲ. ಸಹ ಆರೋಪಿಗಳು ಅದೇ ಬೀದಿಯವರಾದರೆ ಬೇರೆ ಊರಿನ ಸೋದರಮಾವನ ಮನೆಯಲ್ಲಿ ಇರಿಸುವುದಾಗಿ ಮುಚ್ಚಳಿಕೆ ಕೊಡಿ. ಜೊತೆಗೆ ಶಾಲೆಯ ದಾಖಲಾತಿ ಪತ್ರ ಲಗತ್ತಿಸಿ. ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಎರಡು ವಾರದೊಳಗೆ ಸಲ್ಲಿಸಬೇಕಾದ ಸಾಮಾಜಿಕ ತನಿಖಾ ವರದಿಗೆ, ಅಂದರೆ ಹುಡುಗನ ಮನೆ, ಹಿನ್ನೆಲೆ ಕುರಿತ ವರದಿಗೆ, ತುಂಬಾ ತೂಕವಿದೆ. ಅವರು ಮನೆಗೆ ಬಂದಾಗ ಏನನ್ನೂ ಮುಚ್ಚಿಡಬೇಡಿ.

16 ದಾಟಿದವರ ಮೇಲೆ ಘೋರ ಅಪರಾಧದ ಆರೋಪವಿದ್ದರೆ 15ನೇ ಸೆಕ್ಷನ್‌ನಡಿ ಪ್ರಾಥಮಿಕ ಮೌಲ್ಯಮಾಪನ (ಅಪರಾಧ ಎಸಗುವ, ಅದರ ಪರಿಣಾಮ ಅರಿಯುವ ಸಾಮರ್ಥ್ಯ ಅವನಿಗಿತ್ತೇ ಎಂಬ ಪರಿಶೀಲನೆ) ನಡೆಯುತ್ತದೆ. ಅದು ವಿಚಾರಣೆ ಮಂಡಳಿಯಲ್ಲೋ ಮಕ್ಕಳ ನ್ಯಾಯಾಲಯದಲ್ಲೋ ಎಂದು ತೀರ್ಮಾನಿಸಲು ಮಾತ್ರ. ಜಾಮೀನು ಅರ್ಜಿ ಅದಕ್ಕಾಗಿ ಕಾಯಬೇಕಿಲ್ಲ.

ಜಾಮೀನು ಸಿಕ್ಕರೂ ಷರತ್ತು ಪೂರೈಸಲು ಹಣವಿಲ್ಲದೆ ಮಗು ವೀಕ್ಷಣಾಲಯದಲ್ಲೇ (ಪ್ರಕರಣ ಮುಗಿಯುವವರೆಗೆ ಮಕ್ಕಳನ್ನು ಇರಿಸುವ ಗೃಹ) ಉಳಿಯುವುದು ನಿಜಕ್ಕೂ ನೋವಿನ ಸಂಗತಿ. 7 ದಿನದೊಳಗೆ ಆಗದಿದ್ದರೆ ಷರತ್ತು ಬದಲಿಸಲು ಅವನನ್ನು ಮತ್ತೆ ಮಂಡಳಿಯ ಮುಂದೆ ಹಾಜರುಪಡಿಸಲೇಬೇಕು. ಅರ್ಜಿಯೇ ತಿರಸ್ಕೃತವಾದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಿ. ವಕೀಲರ ಶುಲ್ಕ ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.